ಒಂದೇ ಮಗ್ಗುಲು ಉಳಿದಿರುವ ಜಾರ್ಜ್ ಇನ್: ಈ ಪಬ್ಬಿನ ವಯಸ್ಸನ್ನು ಎಲ್ಲಿಂದ ಎಣಿಸಬೇಕು?

ಥೇಮ್ಸ್ ದಂಡೆ

ಮೈಸೂರಿನಿಂದ ಬಂದಿರುವ ನನ್ನ ಸೋದರಮಾವನವರನ್ನು ಕಳೆದ ಶನಿವಾರ ಲ್ಯಾಂಬೆತ್‌ನಲ್ಲಿರುವ ಬಸವಣ್ಣನವರ ಪುತ್ಥಳಿಯ ಬಳಿಗೆ ಕರೆದೊಯ್ದಿದ್ದೆ. ಅಲ್ಲಿಂದ ಥೇಮ್ಸ್ ನದಿಯ ದಕ್ಷಿಣ ದಂಡೆಯನ್ನೇ ಹಿಡಿದು ನಡೆಯುತ್ತ ನಾವು ಸದರ್ಕ್ ತಲುಪುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಲಂಡನ್ ಬ್ರಿಜ್ ರೈಲು ನಿಲ್ದಾಣಕ್ಕೆ ಹತ್ತಿರದ ಬರೋ ಹೈ ಸ್ಟ್ರೀಟಿನಲ್ಲಿ, ಅಂಗಡಿಗಳ ನಡುವೆ ಕಣ್ಣಿಗೆ ಬೀಳದಂತಿರುವ ಗೇಟೊಂದನ್ನು ದಾಟಿ ಒಳಗೆ ಹೋದರೆ ಬೀದಿಯ ಗದ್ದಲ ಹಿಂದುಳಿದು, ಉದ್ದನೆಯ ಅಂಗಳವೊಂದು ಎದುರಾಗುತ್ತದೆ. ಅಂಗಳದ ಬಲಮಗ್ಗುಲಿಗೆ ನಿಂತಿರುವ ಹಳೆಯ ಕಟ್ಟಡವೇ ಜಾರ್ಜ್ ಇನ್.

ಮಾವನವರು ಮದ್ಯ ಮುಟ್ಟುವವರಲ್ಲ. ನಿಂಬೆಯ ಷರಬತ್ತು ಮತ್ತು ಆಲೂಗಡ್ಡೆಯ ಚಿಪ್ಸ್ ಮುಂದಿಟ್ಟುಕೊಂಡು ಅವರು ಕಟ್ಟಡವನ್ನು ನೋಡುತ್ತ ಕುಳಿತರು. ಭೂಮಾಪನ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದವರಾದ್ದರಿಂದ ಯಾವ ಜಾಗಕ್ಕೆ ಹೋದರೂ ಅದರ ಹದ್ದುಬಸ್ತನ್ನು ಮನಸ್ಸಿನಲ್ಲೇ ಅಳೆಯುವುದು ಅವರ ಅಭ್ಯಾಸ. ಅಷ್ಟರಲ್ಲಿ ಪ್ರವಾಸಿಗರ ಗುಂಪೊಂದನ್ನು ಕರೆತಂದ ಮಾರ್ಗದರ್ಶಿಯೊಬ್ಬರು, ಶೇಕ್ಸ್‌ಪಿಯರ್ ಇದೇ ಕಟ್ಟಡದಲ್ಲಿ ಕುಳಿತು ಏಲ್ ಎಂಬ ಬಾರ್ಲಿಯ ಮದ್ಯ ಕುಡಿಯುತ್ತಿದ್ದನೆಂದು ಗಟ್ಟಿಯಾಗಿ ಹೇಳಿದರು. ಮಾವನವರು ನನ್ನ ಕಡೆ ತಿರುಗಿ, "ಈ ಕಟ್ಟಡ ಕಟ್ಟಿದ್ದು ಯಾವಾಗ? ಆ ಮಹಾಶಯ ತೀರಿಕೊಂಡಿದ್ದು ಯಾವಾಗ?" ಎಂದು ಕೇಳಿದರು. ಕಟ್ಟಡ 1677ರದ್ದು, ಶೇಕ್ಸ್‌ಪಿಯರ್ ತೀರಿಕೊಂಡದ್ದು 1616ರಲ್ಲಿ ಎಂದೆ. "ಹಾಗಾದರೆ ದಾಖಲೆಗೂ ಮಾತಿಗೂ ಅರವತ್ತೊಂದು ವರ್ಷದ ವ್ಯತ್ಯಾಸ ಬಂತಲ್ಲ" ಎಂದು ನಕ್ಕು, ಇನ್ನೆರಡು ಚಿಪ್ಸ್ ತೆಗೆದುಕೊಂಡರು.

ಮನೆಗೆ ಬಂದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಜಾಗದಲ್ಲಿ ಅದಕ್ಕೂ ಮೊದಲೇ ಇದೇ ಹೆಸರಿನ ತಂಗುಮನೆ ಇತ್ತೆಂಬುದು ನಿಜ. ಈಗ ಉಳಿದಿರುವುದು 1676ರ ಬೆಂಕಿಯ ಬಳಿಕ ಕಟ್ಟಿದ ಮನೆಯ ಒಂದು ಪಾರ್ಶ್ವ ಮಾತ್ರ ಎಂಬುದೂ ನಿಜ. ಹೀಗಿರುವಾಗ 'ಹಳೆಯ ಪಬ್' ಎಂದು ನಾವು ಕರೆಯುವುದು ಯಾವುದನ್ನು: ಜಾಗವನ್ನೇ, ಹೆಸರನ್ನೇ, ಗೋಡೆಗಳನ್ನೇ, ಅಥವಾ ಅಲ್ಲಿ ನಡೆದುಬಂದ ವ್ಯವಹಾರವನ್ನೇ? ತಿಳಿದವರು ಬರೆಯಬೇಕೆಂದು ಕೋರಿಕೆ.

ಹಳೆಯ ನಕ್ಷೆ

ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಇಲಾಖೆಯ ಕ್ರಮದಲ್ಲೇ ನೋಡುವುದಾದರೆ ಮೊದಲು ಜಾಗದ ಪಹಣಿಯಿಂದ ಆರಂಭಿಸಬೇಕು. 1540ರ ದಶಕದ ಸದರ್ಕ್ ನಕ್ಷೆಯಲ್ಲಿಯೇ ಜಾರ್ಜ್‌ನ ಗುರುತು ಸಿಗುತ್ತದೆ. ಜಾನ್ ಸ್ಟೋ ಎಂಬಾತ 1598ರಲ್ಲಿ ಪ್ರಕಟಿಸಿದ ಲಂಡನ್ ವರ್ಣನೆಯಲ್ಲಿ ಈ ಬೀದಿಯ ತಂಗುಮನೆಗಳ ಹೆಸರುಗಳನ್ನು ಸಾಲಾಗಿ ಕೊಡುತ್ತಾನೆ. ಕಿಂಗ್ಸ್ ಹೆಡ್, ವೈಟ್ ಹಾರ್ಟ್, ಕ್ವೀನ್ಸ್ ಹೆಡ್, ಟಬಾರ್ಡ್ ಮುಂತಾದವುಗಳ ಜೊತೆಯಲ್ಲಿ ಜಾರ್ಜ್ ಕೂಡ ಅಲ್ಲಿದೆ. ಹೆಸರು ಯಾವುದೋ ರಾಜನದಲ್ಲ, ಇಂಗ್ಲೆಂಡಿನ ಪೋಷಕ ಸಂತ ಜಾರ್ಜ್‌ನದು. ಅಂದಿನ ಗಿರಾಕಿಗಳಲ್ಲಿ ಹೆಚ್ಚಿನವರು ಅಕ್ಷರ ಬಲ್ಲವರಾಗಿರಲಿಲ್ಲ. ಆದ್ದರಿಂದ ಬಿಳಿಯ ಜಿಂಕೆ, ದೂತನ ತೋಳಿಲ್ಲದ ಅಂಗಿ, ಘಟಸರ್ಪವನ್ನು ಕೊಲ್ಲುವ ಸಂತ ಎಂದು ಚಿತ್ರ ನೋಡಿಯೇ ಮನೆ ಗುರುತಿಸುವಂತೆ ಫಲಕ ತೂಗುಹಾಕುತ್ತಿದ್ದರು.

ಒಂದೇ ಬೀದಿಯಲ್ಲಿ ಇಷ್ಟೊಂದು ತಂಗುಮನೆಗಳು ಏಕೆ ಎಂಬುದಕ್ಕೆ ಉತ್ತರ ಸೇತುವೆಯಲ್ಲಿದೆ. ದಕ್ಷಿಣದಿಂದ ಲಂಡನ್ ನಗರದೊಳಕ್ಕೆ ಹೋಗಲು ಶತಮಾನಗಳ ಕಾಲ ಲಂಡನ್ ಬ್ರಿಜ್ ಒಂದೇ ಸೇತುವೆಯಾಗಿತ್ತು. ವೆಸ್ಟ್‌ಮಿನ್‌ಸ್ಟರ್ ಸೇತುವೆ ಬಂದದ್ದು 1750ರಲ್ಲಿ. ಹಳೆಯ ಲಂಡನ್ ಬ್ರಿಜ್ಜಿನ ಮೇಲೆ ಎರಡೂ ಬದಿಗೆ ಮನೆ, ಅಂಗಡಿಗಳು ತುಂಬಿ, ಬಂಡಿಗಳು ಒಂದಕ್ಕೊಂದು ಎಡೆಕೊಡುವುದೇ ಕಷ್ಟವಾಗುವಷ್ಟು ದಾರಿ ಇಕ್ಕಟ್ಟಾಗಿತ್ತು. ರಾತ್ರಿ ಅದರ ಬಾಗಿಲನ್ನೂ ಮುಚ್ಚುತ್ತಿದ್ದರು. ಕೆಂಟ್, ಸಸೆಕ್ಸ್ ಕಡೆಯಿಂದ ಬಂದವರು ಸದರ್ಕಿನಲ್ಲಿಯೇ ಇಳಿದು, ಕುದುರೆಗಳನ್ನು ಲಾಯಕ್ಕೆ ಕಟ್ಟಿ, ಬೆಳಗಾದ ಮೇಲೆ ನಗರಕ್ಕೆ ಹೋಗುವುದು ಅನುಕೂಲವಾಗಿತ್ತು. ಕ್ಯಾಂಟರ್ಬರಿಗೆ ಹೊರಟ, ಕವಿ ಚಾಸರ್‌ನ ಕಾವ್ಯದ ಯಾತ್ರಿಕರು ಕೂಡಿಕೊಳ್ಳುವುದೂ ಜಾರ್ಜ್‌ನ ಪಕ್ಕದ ಟಬಾರ್ಡ್‌ನಲ್ಲಿ. ಆ ಕಾವ್ಯದಲ್ಲಿ ಕುಡಿದು ಮಾತಾಡುವ ಗಿರಣಿಯವನು, ತನ್ನ ಮಾತು ತಪ್ಪಿದರೆ ಸದರ್ಕಿನ ಏಲ್ ಮೇಲೆ ತಪ್ಪು ಹೊರಿಸಿ ಎಂದು ಮೊದಲೇ ಕೇಳಿಕೊಳ್ಳುತ್ತಾನೆ. ಊರಿನ ಹೆಸರು ಹದಿನಾಲ್ಕನೆಯ ಶತಮಾನದಲ್ಲಿಯೇ ಹಾಗೆ ಪ್ರಸಿದ್ಧವಾಗಿತ್ತು.

1676ರ ಮೇ ತಿಂಗಳಲ್ಲಿ ಸದರ್ಕಿಗೆ ಬಿದ್ದ ಬೆಂಕಿಯಲ್ಲಿ ಸುಮಾರು 500 ಮನೆಗಳು ಸುಟ್ಟುಹೋದವು. ಜಾರ್ಜ್, ಟಬಾರ್ಡ್, ವೈಟ್ ಹಾರ್ಟ್ ಮೂರೂ ಅದಕ್ಕೆ ಆಹುತಿಯಾದವು. ಮರುವರ್ಷ ಜಾರ್ಜನ್ನು ಅದೇ ಜಾಗದಲ್ಲಿ, ಹಳೆಯ ವಿನ್ಯಾಸವನ್ನೇ ಅನುಸರಿಸಿ ಮತ್ತೆ ಕಟ್ಟಿದರು. ನನ್ನ ಅಭಿಪ್ರಾಯದಲ್ಲಿ ವಯಸ್ಸಿನ ಪ್ರಶ್ನೆಗೆ ಎರಡು ಉತ್ತರ ಬರೆಯಬೇಕು: ಖಾತೆ ಹದಿನಾರನೆಯ ಶತಮಾನಕ್ಕಿಂತ ಈಚಿನದಲ್ಲ, ಕಟ್ಟಡ 1677ರದ್ದು. ಎರಡನ್ನೂ ಬೆರೆಸಿದಾಗಲೇ ಶೇಕ್ಸ್‌ಪಿಯರ್ ಬಂದು ಕುಳಿತುಕೊಳ್ಳುವುದು.

ತೊಟ್ಟಿಮನೆ

ನಾನು ವಾಸ್ತುಶಿಲ್ಪದ ವಿದ್ಯಾರ್ಥಿನಿಯಾಗಿ ಈ ಕಟ್ಟಡವನ್ನು ಎರಡು ಬಾರಿ ನೋಡಿದ್ದೇನೆ. ಲಂಡನ್ನಿನಲ್ಲಿ ಮೊಗಸಾಲೆಗಳಿರುವ ಸಾರೋಟು ತಂಗುಮನೆಯಾಗಿ ಉಳಿದಿರುವುದು ಇದೊಂದೇ. ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಇದನ್ನು ಮೊದಲ ದರ್ಜೆಯಲ್ಲಿ ಸೇರಿಸಲು ಅದೇ ಕಾರಣ.

ನಮ್ಮ ಹಳೆಯ ತೊಟ್ಟಿಮನೆಯಲ್ಲಿ ಬೆಳೆದವರಿಗೆ ಇದರ ರಚನೆ ಬೇಗ ಅರ್ಥವಾಗುತ್ತದೆ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಕಟ್ಟಡ, ಮೇಲಂತಸ್ತಿನಲ್ಲಿ ಅಂಗಳದ ಕಡೆಗೆ ಮುಖಮಾಡಿದ ಮರದ ಮೊಗಸಾಲೆ, ಅದರಿಂದ ಒಂದೊಂದು ಕೋಣೆಗೆ ಒಂದೊಂದು ಬಾಗಿಲು. ತೊಟ್ಟಿಯ ಅಂಗಳ ಮಳೆನೀರಿಗೂ ಮನೆಯವರಿಗೂ ಮೀಸಲು. ಇಲ್ಲಿಯದು ಸಾರೋಟು ತಿರುಗಿಸುವುದಕ್ಕೆ. ಒಳಗೆ ಬಂದ ಸಾರೋಟು ಕುದುರೆ ಬಿಚ್ಚಿ, ಸಾಮಾನು ಇಳಿಸಿ, ಹೊಸ ಕುದುರೆ ಕಟ್ಟಿಕೊಂಡು ಹೊರಡುವಷ್ಟು ಜಾಗ ಬೇಕಾಗಿತ್ತು. ಹೀಗಾಗಿ ಈ ಅಂಗಳಗಳೆಲ್ಲ ಬೀದಿಯಿಂದ ಒಳಕ್ಕೆ ಉದ್ದುದ್ದ ಚಾಚಿಕೊಂಡಿವೆ, ಬೀದಿಯ ಕಡೆ ಮುಖ ಮಾತ್ರ ಕಿರಿದು.

ಉಳಿದಿರುವ ಮಗ್ಗುಲಿನಲ್ಲಿ ಒಂದು ಭಾಗಕ್ಕೆ ಎರಡಂತಸ್ತಿನ ಮೊಗಸಾಲೆ ಇದೆ, ಪಕ್ಕದ ಭಾಗದಲ್ಲಿ ಇಟ್ಟಿಗೆಯ ಗೋಡೆ ಮತ್ತು ಸಾಲು ಕಿಟಕಿಗಳಷ್ಟೇ. ಒಳಗೆ ಹೋದರೆ ಒಂದರೊಳಗೊಂದು ತೆರೆದುಕೊಳ್ಳುವ ಸಣ್ಣ ಕೋಣೆಗಳು, ಕಡುಬಣ್ಣದ ಮರದ ಹಲಗೆ ಹೊದಿಸಿದ ಗೋಡೆಗಳು, ತಗ್ಗಾದ ಚಾವಣಿ. ಮಹಡಿಯ ನೆಲ ಸಮತಟ್ಟಾಗಿಲ್ಲ. ಮೇಲಿನ ಕೋಣೆಯೊಂದರಲ್ಲಿ ನನ್ನ ಪೆನ್ಸಿಲ್ ಮೇಜಿನಿಂದ ಕೆಳಗೆ ಬಿದ್ದು, ತನ್ನಷ್ಟಕ್ಕೆ ಉರುಳುತ್ತ ಗೋಡೆಯ ಬುಡಕ್ಕೆ ಹೋಗಿ ನಿಂತಿತು. ಮರದ ಚೌಕಟ್ಟಿನ ಕಟ್ಟಡ ಮೂರೂವರೆ ಶತಮಾನದಲ್ಲಿ ಎಷ್ಟು ಕುಸಿದಿದೆ, ಯಾವ ದಿಕ್ಕಿಗೆ ವಾಲಿದೆ ಎಂಬುದನ್ನು ನಾನು ಅಳತೆಪಟ್ಟಿಯಿಲ್ಲದೆ ತಿಳಿದುಕೊಂಡದ್ದು ಹಾಗೆ. ಆ ಓರೆಯನ್ನು ಸರಿಪಡಿಸದೆ ಬಿಟ್ಟಿರುವುದು ನನಗೆ ಮೆಚ್ಚುಗೆಯಾಯಿತು. ನಮ್ಮಲ್ಲಿ ಜೀರ್ಣೋದ್ಧಾರವೆಂದರೆ ಮೊದಲು ನೆಲಕ್ಕೆ ಗ್ರಾನೈಟ್ ಹಾಸುವುದು ಎಂಬಂತಾಗಿದೆ.

ಅಂದಹಾಗೆ, ಇಂತಹ ಅಂಗಳಗಳಲ್ಲಿ ನಾಟಕವಾಡುತ್ತಿದ್ದುದು ನಿಜ. ಅಂಗಳದಲ್ಲಿ ನಿಂತವರಿಗೆ ಕಡಿಮೆ ದರ, ಮೊಗಸಾಲೆಯಲ್ಲಿ ಕುಳಿತವರಿಗೆ ಹೆಚ್ಚು. 1599ರಲ್ಲಿ ಇದೇ ಸದರ್ಕಿನ ನದಿದಂಡೆಯಲ್ಲಿ ನಿಂತ ಗ್ಲೋಬ್ ರಂಗಮಂದಿರದಲ್ಲೂ ಅದೇ ಏರ್ಪಾಡು ಕಾಣುತ್ತದೆ. ಆ ಮಾರ್ಗದರ್ಶಿಯವರು 'ಶೇಕ್ಸ್‌ಪಿಯರ್ ಇಲ್ಲಿ ಕುಡಿದ' ಎನ್ನುವುದರ ಬದಲು, 'ಇಂತಹ ಅಂಗಳವನ್ನು ನೋಡಿದರೆ ಶೇಕ್ಸ್‌ಪಿಯರ್‌ನ ಪ್ರೇಕ್ಷಕರು ಎಲ್ಲಿ ನಿಲ್ಲುತ್ತಿದ್ದರೆಂದು ಗೊತ್ತಾಗುತ್ತದೆ' ಎಂದಿದ್ದರೆ ಮಾವನವರೂ ತಲೆದೂಗುತ್ತಿದ್ದರು.

ಕಟ್ಟೆಪುರಾಣ

ಕ್ಷಮಿಸಿ, ಆದರೆ ಕೇಳದೆ ಇರಲಾರೆ. ಎಷ್ಟೇ ಹಳೆಯದಾದರೂ ಇದು ಕೊನೆಗೆ ಒಂದು ಮದ್ಯದಂಗಡಿ. ನಮ್ಮೂರಿನ ಸಾರಾಯಿ ಅಂಗಡಿಯ ಬಗ್ಗೆ ಯಾರಾದರೂ ಹೀಗೆ ಪುಟಗಟ್ಟಲೆ ಬರೆದರೆ ನಾವು ಏನೆನ್ನುತ್ತಿದ್ದೆವು? ಆಂಗ್ಲರದ್ದಾದ ಮಾತ್ರಕ್ಕೆ ಅದು ಪರಂಪರೆ, ನಮ್ಮದಾದರೆ ಗಡಂಗು ಎನ್ನುವುದು ನ್ಯಾಯವೇ?

ಥೇಮ್ಸ್ ದಂಡೆ

ಕಟ್ಟೆಪುರಾಣದವರೇ, ತಮ್ಮ ಪ್ರಶ್ನೆಯಲ್ಲಿ ತಪ್ಪಿಲ್ಲ. ನಮ್ಮ ಗಡಂಗುಗಳ ಚರಿತ್ರೆಯನ್ನೂ ಯಾರಾದರೂ ಬರೆಯಬೇಕೆಂಬುದೇ ನನ್ನ ಮತ. ಆದರೆ 'ಮದ್ಯದಂಗಡಿ' ಎಂಬ ಪದ ಜಾರ್ಜ್‌ಗೆ ಸರಿಯಾಗಿ ಒಗ್ಗುವುದಿಲ್ಲ. ಹಳೆಯ ಇಂಗ್ಲೆಂಡಿನಲ್ಲಿ ಮೂರು ಬಗೆಯ ಮನೆಗಳಿದ್ದವು. ಏಲ್ ಮನೆಯಲ್ಲಿ ಏಲ್ ಮಾತ್ರ. ಬಹಳಷ್ಟು ಕಡೆ ಗೃಹಿಣಿಯೇ ಅದನ್ನು ಕುದಿಸಿ, ತನ್ನ ಮನೆಯ ಮುಂದಿನ ಕೋಣೆಯಲ್ಲಿ ಮಾರುತ್ತಿದ್ದಳು. ಟ್ಯಾವರ್ನ್ ಎಂಬುದು ದ್ರಾಕ್ಷಾರಸದ ಮನೆ, ಹಣವುಳ್ಳವರಿಗಾಗಿ. ಇನ್ ಎಂಬುದು ದಾರಿಹೋಕರಿಗೆ ಊಟ, ಹಾಸಿಗೆ ಮತ್ತು ಕುದುರೆಗೆ ಮೇವು ಕೊಡುವ ಮನೆ. ನಮ್ಮ ಛತ್ರಕ್ಕೆ ಹತ್ತಿರದ್ದು, ಆದರೆ ಧರ್ಮಾರ್ಥವಲ್ಲ, ಬಾಡಿಗೆಗೆ. ಜಾರ್ಜ್ ಈ ಮೂರನೆಯ ಬಗೆಯದು. ಇವೆಲ್ಲವನ್ನೂ ಒಟ್ಟಾಗಿ 'ಸಾರ್ವಜನಿಕ ಮನೆ' ಎನ್ನುವ ರೂಢಿ ಬಂದು, ಆ ಹೆಸರು ಸವೆದು 'ಪಬ್' ಆಯಿತು. ಹೆಸರಿನಲ್ಲಿ 'ಮನೆ' ಎಂಬುದಿತ್ತೆಂಬುದನ್ನು ಗಮನಿಸಬೇಕು. ಬೆಂಗಳೂರಿಗೆ ಪಬ್ ನಗರವೆಂಬ ಬಿರುದು ಬಂದಾಗ ಪದ ಬಂತು, ಮನೆ ಬರಲಿಲ್ಲ.

ಸರಕಾರ ಇವುಗಳನ್ನು ಸುಮ್ಮನೆ ಬಿಟ್ಟಿತ್ತೆಂದೂ ತಿಳಿಯಬೇಡಿ. ಏಲ್ ಮನೆ ನಡೆಸಲು ಸ್ಥಳೀಯ ನ್ಯಾಯಾಧಿಕಾರಿಗಳ ಪರವಾನಗಿ ಬೇಕೆಂಬ ಕಾಯ್ದೆ 1552ರಲ್ಲಿಯೇ ಬಂತು. 1830ರಲ್ಲಿ ಅದಕ್ಕೆ ವಿರುದ್ಧ ದಿಕ್ಕಿನ ಕಾಯ್ದೆ ಬಂದು, ತೆರಿಗೆ ಕಟ್ಟುವ ಯಾವ ಗೃಹಸ್ಥನೇ ಆಗಲಿ ಎರಡು ಗಿನಿ ಶುಲ್ಕ ತೆತ್ತು ಬಿಯರ್ ಮಾರಬಹುದು ಎಂದಾಯಿತು. ಜಿನ್ ಬಿಟ್ಟು ಜನ ಬಿಯರಿಗೆ ತಿರುಗಲಿ ಎಂಬುದು ಉದ್ದೇಶವಾಗಿತ್ತು. ಬಿಯರ್ ಮನೆಗಳು ಅಣಬೆಗಳಂತೆ ಎದ್ದವು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರರು ಕುಡಿದು ಬರಬಾರದೆಂದು ಮಧ್ಯಾಹ್ನ ಪಬ್ ಮುಚ್ಚುವ ನಿಯಮ ತಂದರು. ಯುದ್ಧ ಮುಗಿದರೂ ಇಂಗ್ಲೆಂಡಿನಲ್ಲಿ ಆ ಮಧ್ಯಾಹ್ನದ ಬಾಗಿಲು ತೆರೆದದ್ದು 1988ರಲ್ಲಿ, ಅದೂ ಭಾನುವಾರ ಬಿಟ್ಟು. ತಾತ್ಕಾಲಿಕ ನಿಯಮಗಳ ಆಯುಷ್ಯ ಎಲ್ಲ ದೇಶಗಳಲ್ಲೂ ಒಂದೇ ಎಂದು ಕಾಣುತ್ತದೆ.

ಪೀಪಾಯಿ

ಎಲ್ಲರೂ ಗೋಡೆಯ ಬಗ್ಗೆ ಬರೆದಿದ್ದೀರಿ, ಗೋಡೆಯ ಕೆಳಗಿನದರ ಬಗ್ಗೆ ನಾನು ಬರೆಯುತ್ತೇನೆ. ವಿದ್ಯಾರ್ಥಿಯಾಗಿದ್ದಾಗ ಎರಡು ವರ್ಷ ಕೆಂಟ್ ಪ್ರಾಂತ್ಯದ ಒಂದು ಹಳ್ಳಿಯ ಪಬ್ಬಿನಲ್ಲಿ ಸಂಜೆಯ ಕೆಲಸ ಮಾಡಿದ್ದೆ. ಹಳೆಯ ಪಬ್ಬಿನ ಗುಣ ಗೊತ್ತಾಗಬೇಕಾದರೆ ಅದರ ನೆಲಮಾಳಿಗೆಗೆ ಇಳಿಯಬೇಕು ಎಂದು ಅಲ್ಲಿಯ ಯಜಮಾನರು ಹೇಳುತ್ತಿದ್ದರು.

ಪೀಪಾಯಿಯ ಏಲ್ ಎಂಬುದು ನಮ್ಮೂರಿನ ಬಾಟಲಿ ಬಿಯರಿನಂತೆ ಕಾರ್ಖಾನೆಯಲ್ಲೇ ಮುಗಿದುಹೋದ ಸರಕಲ್ಲ. ಅದನ್ನು ಸೋಸಿರುವುದಿಲ್ಲ, ಕಾಯಿಸಿ ಯೀಸ್ಟನ್ನು ಕೊಂದಿರುವುದಿಲ್ಲ. ದೋಸೆಯ ಹಿಟ್ಟು ಉಬ್ಬುವ ಹಾಗೆ ಅದು ಪೀಪಾಯಿಯೊಳಗೂ ಹುದುಗುತ್ತಲೇ ಇರುತ್ತದೆ. ನಾವು ಬಳಸುತ್ತಿದ್ದುದು 9 ಗ್ಯಾಲನ್ನಿನ, ಅಂದರೆ ಸುಮಾರು 41 ಲೀಟರಿನ ಪೀಪಾಯಿ. ಅದರಲ್ಲಿ 72 ಪೈಂಟು. ಅದನ್ನು ಅಡ್ಡಡ್ಡ ಮಲಗಿಸಿ, ಅಲುಗದಂತೆ ಬೆಣೆ ಕೊಟ್ಟು, ಮೇಲಿನ ಬಿರಡೆಗೆ ಮೊದಲು ಮೆದುಮರದ ಕಡ್ಡಿಯೊಂದನ್ನು ಚುಚ್ಚಬೇಕು. ಒಳಗಿನ ಗಾಳಿ ಅದರ ರಂಧ್ರಗಳಿಂದ ನೊರೆ ನೊರೆಯಾಗಿ ಹೊರಬರುತ್ತದೆ. ನೊರೆ ನಿಂತ ಮೇಲೆ ಅದನ್ನು ತೆಗೆದು ಗಟ್ಟಿಮರದ ಕಡ್ಡಿ ಹಾಕಬೇಕು. ಆಮೇಲೆ ಗಸಿ ಕೆಳಗಿಳಿಯಲು ಒಂದೆರಡು ದಿನ ಮುಟ್ಟದೆ ಬಿಡಬೇಕು. ಅವಸರಪಟ್ಟರೆ ಲೋಟದಲ್ಲಿ ಕಲಕು. ತಡಮಾಡಿದರೆ, ಒಮ್ಮೆ ತೆರೆದ ಪೀಪಾಯಿಗೆ ಗಾಳಿ ಸೇರಿ ಮೂರು ದಿನಗಳೊಳಗೆ ಹುಳಿ. ನೆಲಮಾಳಿಗೆಯ ತಾಪ 11ರಿಂದ 13 ಡಿಗ್ರಿಯಷ್ಟಿರಬೇಕು. ಇಂಗ್ಲೆಂಡಿನ ಬಿಯರ್ ಬೆಚ್ಚಗಿರುತ್ತದೆ ಎಂದು ನಮ್ಮವರು ಮುಖ ಹಿಂಡುವುದು ಇದೇ ಕಾರಣಕ್ಕೆ. ಅದು ಬೆಚ್ಚಗಿರುವುದಲ್ಲ, ಬಾವಿಯ ನೀರಿನ ಹದಕ್ಕಿರುತ್ತದೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಗಸಿ ಬೇಗ ಇಳಿಯಲು ಸಾಂಪ್ರದಾಯಿಕವಾಗಿ ಬಳಸುವುದು ಮೀನಿನ ಗಾಳಿಚೀಲದಿಂದ ತೆಗೆದ ಅಂಟನ್ನು. ಈಗ ಅದಿಲ್ಲದೆ ತಯಾರಿಸುವವರೂ ಇದ್ದಾರೆ, ಕೇಳಿದರೆ ಹೇಳುತ್ತಾರೆ.

ಏಲನ್ನು ಮೇಲಕ್ಕೆ ಎಳೆಯುವುದು ಕೌಂಟರಿನ ಮೇಲಿನ ಉದ್ದ ಹಿಡಿಯ ಕೈಪಂಪು. ಜೋಸೆಫ್ ಬ್ರಾಮಾ ಎಂಬ ಯಂತ್ರಜ್ಞ ಅಂತಹ ಪಂಪಿಗೆ 1797ರಲ್ಲಿ ಹಕ್ಕುಪತ್ರ ಪಡೆದ. ಅದಕ್ಕೂ ಮುನ್ನ ಹುಡುಗರು ಜಗ್ಗು ಹಿಡಿದು ನೆಲಮಾಳಿಗೆಗೆ ಹತ್ತಿ ಇಳಿಯಬೇಕಿತ್ತು. ಪಂಪು ಬಂದ ಮೇಲೆ ಮಾರುವವನು ಕೌಂಟರಿನ ಹಿಂದೆ ನೆಲೆನಿಂತ, ಗಿರಾಕಿ ಅವನ ಬಳಿಗೆ ಹೋಗುವಂತಾಯಿತು. ಇಂದಿಗೂ ಇಲ್ಲಿ ಮೇಜಿಗೆ ಬಂದು ಕೇಳುವವರು ಅಪರೂಪ. ಇದು ತಿಳಿಯದೆ ನಾನು ಲಂಡನ್ನಿಗೆ ಬಂದ ಮೊದಲ ವಾರ ಒಂದು ಪಬ್ಬಿನಲ್ಲಿ ಇಪ್ಪತ್ತೈದು ನಿಮಿಷ ಮೇಜಿನ ಮುಂದೆ ಕೈಕಟ್ಟಿ ಕುಳಿತಿದ್ದೆ. ಕೌಂಟರಿನ ಮುಂದೆ ಸಾಲು ಕಾಣಿಸದಿದ್ದರೂ ಯಾರು ಯಾರ ನಂತರ ಬಂದರೆಂಬುದು ಅಲ್ಲಿ ನಿಂತ ಎಲ್ಲರಿಗೂ ಗೊತ್ತಿರುತ್ತದೆ. ತನ್ನ ಸರದಿಗೆ ಮೊದಲೇ ಕೇಳಿದರೆ, "ಇವರು ನನಗಿಂತ ಮೊದಲು ಬಂದವರು" ಎಂದು ಪಕ್ಕದವರೇ ಹೇಳುತ್ತಾರೆ. ಸ್ನೇಹಿತರ ಗುಂಪಿನಲ್ಲಿ ಒಬ್ಬೊಬ್ಬರು ಒಂದೊಂದು ಸುತ್ತಿಗೆ ಎಲ್ಲರ ಹಣ ಕೊಡುವುದು ವಾಡಿಕೆ. ತನ್ನ ಸುತ್ತು ಬರುವ ಹೊತ್ತಿಗೆ ಶೌಚಾಲಯಕ್ಕೆ ಹೋಗುವವನ ಹೆಸರು ಊರಿಗೆಲ್ಲ ಗೊತ್ತಾಗುತ್ತದೆ.

ಸದರ್ಕಿಗೂ ಬಿಯರಿಗೂ ಇನ್ನೊಂದು ನಂಟಿದೆ. ಕಹಿಗಾಗಿ ಹಾಕುವ ಹಾಪ್ಸ್ ಹೂವು ಬೆಳೆಯುವುದು ಕೆಂಟ್‌ನಲ್ಲಿ. ಅದು ಮೂಟೆಗಳಲ್ಲಿ ಬಂದು ಬೀಳುತ್ತಿದ್ದ ಮಾರುಕಟ್ಟೆ ಈ ಬರೋ ಪ್ರದೇಶವೇ. 1867ರಲ್ಲಿ ತೆರೆದ ಹಾಪ್ಸ್ ವಿನಿಮಯ ಕೇಂದ್ರದ ಭವ್ಯ ಕಟ್ಟಡ ಜಾರ್ಜ್‌ನಿಂದ ಕೆಲವೇ ನಿಮಿಷದ ನಡಿಗೆಯಲ್ಲಿದೆ. ಚಾಸರ್‌ನ ಗಿರಣಿಯವನು ಕುಡಿದ ಏಲ್‌ನಲ್ಲಿ ಹಾಪ್ಸ್ ಇದ್ದಿರಲಾರದು. ಅದು ಇಂಗ್ಲೆಂಡಿನಲ್ಲಿ ಬೇರೂರಿದ್ದು ಆಮೇಲೆ, ಸಮುದ್ರದಾಚೆಯ ಫ್ಲೆಮಿಶ್ ಜನರ ಮೂಲಕ. ಹೆಸರು ಏಲ್ ಎಂದೇ ಉಳಿದರೂ ರುಚಿ ಬದಲಾಗಿದೆ. ವಯಸ್ಸಿನ ಲೆಕ್ಕ ಹಾಕುವವರು ಇದನ್ನೂ ಸೇರಿಸಿಕೊಳ್ಳಲಿ.

ಹಳೆಯ ನಕ್ಷೆ

ಪೀಪಾಯಿಯವರ ಬರಹ ಓದಿ ದೋಸೆಯ ನೆನಪಾಯಿತು. ಇರಲಿ, ನಾನು ಮತ್ತೆ ಗೋಡೆಗೆ ಬರುತ್ತೇನೆ. ಮೂಲ ಪ್ರಶ್ನೆಯಲ್ಲಿ 'ಒಂದು ಪಾರ್ಶ್ವ ಮಾತ್ರ' ಎಂಬ ಮಾತು ಬಂದಿದೆ. ಉಳಿದವು ಹೋದದ್ದು ಬೆಂಕಿಯಿಂದಲ್ಲ, ರೈಲಿನಿಂದ.

ಹದಿನೆಂಟನೆಯ ಶತಮಾನ ಈ ಅಂಗಳಕ್ಕೆ ಸುಗ್ಗಿಯ ಕಾಲ. ಕೆಂಟ್, ಸಸೆಕ್ಸ್ ಊರುಗಳಿಗೆ ಸಾರೋಟುಗಳೂ ಸರಕಿನ ಬಂಡಿಗಳೂ ಇಲ್ಲಿಂದ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಹೊರಡುತ್ತಿದ್ದವು. 1836ರ ಡಿಸೆಂಬರಿನಲ್ಲಿ ಲಂಡನ್ ಬ್ರಿಜ್ ನಿಲ್ದಾಣ ತೆರೆಯಿತು, ಅದೂ ಈ ಅಂಗಳದಿಂದ ಕೂಗಳತೆಯಲ್ಲಿ. ಸಾರೋಟಿನ ವ್ಯಾಪಾರ ಕೆಲವೇ ವರ್ಷಗಳಲ್ಲಿ ಮುಗಿಯಿತು. ಇಷ್ಟು ದೊಡ್ಡ ಅಂಗಳ, ಇಷ್ಟೊಂದು ಕೋಣೆ, ಇಷ್ಟೊಂದು ಲಾಯ, ಯಾರಿಗೂ ಬೇಡವಾದವು. ಮುಂದೆ ಜಾಗ ಗ್ರೇಟ್ ನಾರ್ದರ್ನ್ ರೈಲ್ವೆ ಕಂಪನಿಯ ಕೈಸೇರಿತು. ಆ ಕಂಪನಿಯ ರೈಲುಗಳು ಹೊರಡುತ್ತಿದ್ದುದು ನದಿಯಾಚೆಯ ಕಿಂಗ್ಸ್ ಕ್ರಾಸ್‌ನಿಂದ. ಇಲ್ಲಿ ಅವರಿಗೆ ಬೇಕಾಗಿದ್ದುದು ಸರಕಿನ ಡಿಪೊ ಮಾತ್ರ. 1889ರಲ್ಲಿ ಅಂಗಳದ ನಡುವಿನ ಮತ್ತು ಉತ್ತರದ ಕಟ್ಟಡಗಳನ್ನು ಕೆಡವಿದರು. ದಕ್ಷಿಣದ ಮಗ್ಗುಲನ್ನು ಬಿಟ್ಟರು. ಅದೇ ವರ್ಷ ಪಕ್ಕದ ವೈಟ್ ಹಾರ್ಟ್ ಕೂಡ ನೆಲಸಮವಾಯಿತು. 1450ರಲ್ಲಿ ದಂಗೆಯೆದ್ದ ಜ್ಯಾಕ್ ಕೇಡ್ ಬೀಡುಬಿಟ್ಟದ್ದು ಅದೇ ವೈಟ್ ಹಾರ್ಟಿನಲ್ಲಿ. ಚಾಸರನ ಟಬಾರ್ಡ್ 1889ಕ್ಕೂ ಹದಿನೈದಿಪ್ಪತ್ತು ವರ್ಷ ಮುಂಚೆಯೇ ಹೋಗಿತ್ತು.

ಇಲ್ಲಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬೇಕು. ಈ ಮೂರರಲ್ಲಿ ಕೀರ್ತಿವಂತ ಮನೆಗಳೆಂದರೆ ಟಬಾರ್ಡ್ ಮತ್ತು ವೈಟ್ ಹಾರ್ಟ್. ಒಂದಕ್ಕೆ ಕಾವ್ಯದ ಮನ್ನಣೆ, ಇನ್ನೊಂದಕ್ಕೆ ದಂಗೆಯ ಮತ್ತು ಕಾದಂಬರಿಯ ಮನ್ನಣೆ. ಜಾರ್ಜ್‌ಗೆ ಅಂತಹದ್ದೇನೂ ಇರಲಿಲ್ಲ. ಆದರೂ ಕೀರ್ತಿವಂತ ಮನೆಗಳು ಹೋದವು, ಇದು ಅರ್ಧಂಬರ್ಧವಾಗಿ ಉಳಿಯಿತು. ಉಳಿದದ್ದಕ್ಕೆ ಯಾರ ಭಕ್ತಿಯೂ ಕಾರಣವಲ್ಲ. ಮುಂದೆ ಅದಕ್ಕೆ ಶೇಕ್ಸ್‌ಪಿಯರನನ್ನು ಅಂಟಿಸುವ ಅವಸರ ಹುಟ್ಟಿದ್ದೂ ಈ ಕೊರತೆಯಿಂದಲೇ ಇರಬೇಕು. ನೆರೆಮನೆಯವರ ಒಡವೆಯನ್ನು ಎರವಲು ಪಡೆದು ಮದುವೆಗೆ ಹೋದ ಹಾಗೆ.

ಭಕ್ತಿ ಬಂದದ್ದು ತಡವಾಗಿ. ಸದರ್ಕಿನ ಬಡವರಿಗಾಗಿ 1887ರಲ್ಲಿ ರೆಡ್ ಕ್ರಾಸ್ ಉದ್ಯಾನವನ್ನು ಮಾಡಿಸಿದ ಆಕ್ಟೇವಿಯಾ ಹಿಲ್ ಎಂಬ ಮಹಿಳೆ, 1895ರಲ್ಲಿ ಇನ್ನಿಬ್ಬರೊಡನೆ ಸೇರಿ, ಹಳೆಯ ಕಟ್ಟಡ ಮತ್ತು ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸ್ಥಾಪಿಸಿದರು. ಜಾರ್ಜ್ ಕೆಡವಿದ್ದು ಆ ಎರಡು ವರ್ಷಗಳ ನಡುವೆ, ಅವರು ದುಡಿಯುತ್ತಿದ್ದ ಪ್ರದೇಶದಲ್ಲಿಯೇ. 1937ರಲ್ಲಿ, ಗ್ರೇಟ್ ನಾರ್ದರ್ನ್‌ನ ವಾರಸುದಾರನಾಗಿದ್ದ ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆ ಉಳಿದ ಮಗ್ಗುಲನ್ನು ಅದೇ ಟ್ರಸ್ಟಿಗೆ ಒಪ್ಪಿಸಿತು. ಇಂದು ಟ್ರಸ್ಟಿನದು ಒಡೆತನ, ಗುತ್ತಿಗೆ ಪಡೆದವರು ಪಬ್ ನಡೆಸುತ್ತಾರೆ. ಹಿಲ್ 1912ರಲ್ಲೇ ತೀರಿಕೊಂಡಿದ್ದರು, ನೋಡಲು ಇರಲಿಲ್ಲ.

ತೊಟ್ಟಿಮನೆ

ಒಂದು ಸಣ್ಣ ಸೇರ್ಪಡೆ. ಜಾರ್ಜ್‌ನ ಒಳಗಿನ ಗೋಡೆಯಲ್ಲಿ ದೊಡ್ಡ ಮುಖದ ಹಳೆಯ ಗಡಿಯಾರವೊಂದಿದೆ. ಅದನ್ನು 'ಸಂಸತ್ತಿನ ಗಡಿಯಾರ' ಎಂದು ತೋರಿಸುತ್ತಾರೆ. ಕತೆ ಹೀಗಿದೆ: 1797ರಲ್ಲಿ ಪ್ರಧಾನಿ ಪಿಟ್ ಗಡಿಯಾರಗಳ ಮೇಲೆ ತೆರಿಗೆ ಹಾಕಿದ, ಮನೆಯ ಗಡಿಯಾರಕ್ಕೆ ವರ್ಷಕ್ಕೆ 5 ಶಿಲಿಂಗ್, ಚಿನ್ನದ ಜೇಬುಗಡಿಯಾರಕ್ಕೆ 10. ಜನ ತಮ್ಮ ಗಡಿಯಾರಗಳನ್ನು ಮಾರಿಬಿಟ್ಟರು, ಹೊತ್ತು ನೋಡಲು ಬಂದವರು ಒಂದು ಲೋಟ ಕುಡಿದು ಹೋಗಲಿ ಎಂದು ಪಬ್ಬಿನವರು ದೊಡ್ಡ ಗಡಿಯಾರ ತೂಗುಹಾಕಿದರು. ತೆರಿಗೆ ನಿಜ; ಮರುವರ್ಷವೇ ಅದನ್ನು ಹಿಂತೆಗೆದುಕೊಂಡದ್ದೂ ನಿಜ. ಆದರೆ ಇಂತಹ ಗಡಿಯಾರಗಳು ಅದಕ್ಕೂ ಹಲವು ದಶಕ ಮೊದಲೇ ತಂಗುಮನೆಗಳಲ್ಲಿ ಇದ್ದವು. ಸಾರೋಟು ಹೊರಡುವ ಹೊತ್ತು ಅಂಗಳದ ಆಚೆ ತುದಿಯಲ್ಲಿ ಕುಳಿತವನಿಗೂ ಕಾಣಬೇಡವೇ? ಅದು ಬಸ್ ನಿಲ್ದಾಣದ ಗಡಿಯಾರ. ಕಾಯುವ ಕೋಣೆ ಹೋಗಿ ಕುಡಿಯುವ ಕೋಣೆಯಾದ ಮೇಲೆ ಗಡಿಯಾರಕ್ಕೆ ಬೇರೆ ಕತೆ ಬೇಕಾಯಿತು.

ಕಟ್ಟೆಪುರಾಣ

ಅರ್ಧ ಸೋತೆ ಎಂದು ಒಪ್ಪಿಕೊಳ್ಳುತ್ತೇನೆ. ಛತ್ರವೆಂದು ಹೇಳಿದ ಮೇಲೆ ನನಗೆ ಜಗಳ ಮುಂದುವರಿಸಲು ದಾರಿಯಿಲ್ಲ. ಒಂದು ಕಾಕತಾಳೀಯವನ್ನು ಮಾತ್ರ ಇಲ್ಲಿ ದಾಖಲಿಸುತ್ತೇನೆ. ಕರ್ನಾಟಕದಲ್ಲಿ ಸಾರಾಯಿ ನಿಷೇಧ ಜಾರಿಗೆ ಬಂದದ್ದು 2007ರ ಜುಲೈ 1ರಂದು. ಇಂಗ್ಲೆಂಡಿನ ಪಬ್ಬುಗಳ ಒಳಗೆ ಸಿಗರೇಟು ಸೇದುವುದನ್ನು ನಿಷೇಧಿಸಿದ್ದೂ ಅದೇ ದಿನ. ನಮ್ಮ ಕಡೆ ಅಂಗಡಿಯೇ ಹೋಯಿತು, ಅವರ ಕಡೆ ಹೊಗೆ ಹೋಯಿತು. ನಾನು ಅದಕ್ಕೆ ಮೊದಲು ಒಮ್ಮೆ ಮ್ಯಾಂಚೆಸ್ಟರಿನ ಹಳೆಯ ಪಬ್ಬೊಂದಕ್ಕೆ ಹೋಗಿದ್ದೆ. ಚಾವಣಿ ಹೊಗೆಯಿಂದ ಹರಳೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ಆ ಬಣ್ಣವೂ ವಯಸ್ಸಿನ ದಾಖಲೆಯೇ ಆಗಿತ್ತೇನೋ, ಈಗ ಸುಣ್ಣ ಬಳಿದಿದ್ದಾರೆ.

ಇನ್ನೊಂದು ಪ್ರಶ್ನೆ: ಕಾದಂಬರಿಕಾರ ಡಿಕನ್ಸ್ ಜಾರ್ಜ್‌ಗೆ ಬರುತ್ತಿದ್ದನೆಂಬುದೂ ಶೇಕ್ಸ್‌ಪಿಯರ್ ಕತೆಯ ಹಾಗೆಯೇ?

ಥೇಮ್ಸ್ ದಂಡೆ

ಅಲ್ಲ, ಅದಕ್ಕೆ ಆಧಾರ ಗಟ್ಟಿಯಾಗಿದೆ. ಡಿಕನ್ಸ್‌ಗೆ ಈ ಬೀದಿಯ ಪರಿಚಯ ಆದದ್ದು ಸಂತೋಷದಿಂದಲ್ಲ. 1824ರಲ್ಲಿ ಅವನ ತಂದೆಯನ್ನು ಸಾಲದ ಕಾರಣಕ್ಕೆ ಮಾರ್ಷಲ್ಸೀ ಸೆರೆಮನೆಯಲ್ಲಿಟ್ಟರು. ಅದು ಜಾರ್ಜ್ ಇರುವ ಬರೋ ಹೈ ಸ್ಟ್ರೀಟಿನಲ್ಲೇ ದಕ್ಷಿಣಕ್ಕೆ ಸ್ವಲ್ಪ ನಡೆದರೆ ಸಿಗುತ್ತಿತ್ತು. ಹನ್ನೆರಡರ ಹುಡುಗ ಹತ್ತಿರದ ಲ್ಯಾಂಟ್ ಸ್ಟ್ರೀಟಿನಲ್ಲಿ ಬಾಡಿಗೆ ಕೋಣೆಯಲ್ಲಿದ್ದುಕೊಂಡು, ಬೂಟು ಪಾಲಿಶಿನ ಕಾರ್ಖಾನೆಯಲ್ಲಿ ದುಡಿಯುತ್ತ, ಸೆರೆಮನೆಗೆ ಹೋಗಿ ಮನೆಯವರನ್ನು ನೋಡಿಕೊಂಡು ಬರುತ್ತಿದ್ದ. ಅವನು ಮುಂದೆ ಬರೆದ ಮೊದಲ ಕಾದಂಬರಿಯಲ್ಲಿ ಸ್ಯಾಮ್ ವೆಲ್ಲರ್ ಎಂಬ ಆಳು ಬೂಟು ಉಜ್ಜುತ್ತ ಓದುಗರಿಗೆ ಮೊದಲ ಬಾರಿ ಕಾಣಿಸಿಕೊಳ್ಳುವುದು ವೈಟ್ ಹಾರ್ಟಿನ ಅಂಗಳದಲ್ಲಿ. ಜಾರ್ಜ್‌ನ ಹೆಸರು ಬರುವುದು 1855ರಿಂದ 57ರವರೆಗೆ ಪ್ರಕಟವಾದ 'ಲಿಟ್ಲ್ ಡಾರಿಟ್'ನಲ್ಲಿ. ಮಾರ್ಷಲ್ಸೀ ಸೆರೆಮನೆಯ ಕುಟುಂಬವೊಂದರ ಮಗ ಟಿಪ್, ಕೈಸಾಲ ಬೇಡುವ ಪತ್ರ ಬರೆಯಲು ಹೋಗಿ ಕೂರುವ ಜಾಗ ಅದು. ಅಷ್ಟೇ ಉಲ್ಲೇಖ. ಹಳೆಯ ನಕ್ಷೆಯವರ ಮಾತಿಗೆ ಇದೂ ಹೊಂದುತ್ತದೆ: ಜಾರ್ಜ್‌ಗೆ ಸಿಕ್ಕ ಪಾತ್ರವೂ ದೊರೆಯದಲ್ಲ, ಸಾಲಗಾರನದು.

ತಾವೆಲ್ಲ ಬರೆದದ್ದನ್ನು ಮಾವನವರಿಗೆ ಓದಿ ಹೇಳಿದೆ. ಗಡಿಯಾರದ ಭಾಗವನ್ನು ಎರಡು ಸಲ ಕೇಳಿಸಿಕೊಂಡರು. ಇನ್ನೊಮ್ಮೆ ಹೋಗಲೇಬೇಕೆಂದು ಪಟ್ಟುಹಿಡಿದದ್ದರಿಂದ ನಿನ್ನೆ ಮಧ್ಯಾಹ್ನ, ಜನ ಕಡಿಮೆ ಇರುವ ಹೊತ್ತಿಗೆ ಮತ್ತೆ ಹೋದೆವು. ಈ ಬಾರಿ ಅವರು ಕೂರಲಿಲ್ಲ. ಬೀದಿಯ ಉತ್ತರ ತುದಿಯಿಂದ ಆರಂಭಿಸಿ, ಪೂರ್ವದ ಬದಿಯ ಓಣಿಗಳ ಫಲಕಗಳನ್ನು ಒಂದೊಂದಾಗಿ ಓದಿಸಿಕೊಂಡರು: ಕಿಂಗ್ಸ್ ಹೆಡ್ ಅಂಗಳ, ವೈಟ್ ಹಾರ್ಟ್ ಅಂಗಳ, ಜಾರ್ಜ್ ಇನ್ ಅಂಗಳ, ಟಾಲ್ಬಟ್ ಅಂಗಳ. ಕೊನೆಯದು, ಬೆಂಕಿಯ ನಂತರ ಹೆಸರು ಬದಲಾದ ಟಬಾರ್ಡ್. ನಾಲ್ಕರಲ್ಲಿ ಮೂರು ಕಡೆ ಹಳೆಯ ತಂಗುಮನೆಯ ಒಂದು ಇಟ್ಟಿಗೆಯೂ ಕಾಣುವುದಿಲ್ಲ, ಆದರೆ ಬೀದಿಯಿಂದ ಒಳಕ್ಕೆ ಹೋಗುವ ಓಣಿ ಮಾತ್ರ ಸಾರೋಟಿನ ದಾರಿಯಾಗಿಯೇ ಉಳಿದಿದೆ. "ಮನೆ ಬಿದ್ದರೂ ದಾರಿ ಬೀಳುವುದಿಲ್ಲ, ಯಾಕೆಂದರೆ ದಾರಿಯ ಹಕ್ಕು ಅಕ್ಕಪಕ್ಕದವರದ್ದೂ ಆಗಿರುತ್ತದೆ" ಎಂದರು.

ಆಮೇಲೆ ಜಾರ್ಜ್‌ನ ಅಂಗಳಕ್ಕೆ ಬಂದು, ಉಳಿದ ಮಗ್ಗುಲಿನ ಗೋಡೆಗೆ ಬೆನ್ನು ಕೊಟ್ಟು ನಿಂತು, ಇಲ್ಲದ ಉತ್ತರದ ಮಗ್ಗುಲಿನ ಕಡೆಗೆ ಹೆಜ್ಜೆ ಎಣಿಸುತ್ತ ಹೊರಟರು. ಮಧ್ಯದಲ್ಲಿ ಪ್ರವಾಸಿಗರ ಮೇಜೊಂದು ಅಡ್ಡ ಬಂತು. ಅಲ್ಲಿ ಕುಳಿತಿದ್ದ ಹಿರಿಯರೊಬ್ಬರು ಏನು ಮಾಡುತ್ತಿದ್ದೀರಿ ಎಂದು ಕೇಳಿದಾಗ, ನಾನು ತರ್ಜುಮೆ ಮಾಡಬೇಕಾಯಿತು. ಅವರು ತಮ್ಮ ಲೋಟವನ್ನು ಎತ್ತಿಕೊಂಡು, ಮೇಜನ್ನು ಒಂದು ಮೊಳ ಪಕ್ಕಕ್ಕೆ ಸರಿಸಿ, ಮಾವನವರಿಗೆ ದಾರಿ ಬಿಟ್ಟುಕೊಟ್ಟರು.